ಅಚ್ಚುಕೂಟ ಮತ್ತು ಪತ್ರಿಕೆ

ಪತ್ರಿಕೆಯೆಂದೊಡನೆ ನಮಗೆ ಸಂಪಾದಕರ ನೆನಪಾಗುತ್ತದೆ. ಮುದ್ರಕರ ಹೆಸರು ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದ ಒಂದು ಸಾಲಿನಲ್ಲಿ ಅಡಗಿರುತ್ತದೆ. ಆದರೆ ಪತ್ರಿಕೆ ಹುಟ್ಟಿದ್ದು ಪುಸ್ತಕದವರ ಮನೆಯಲ್ಲಿಯೇ ಎಂಬುದನ್ನು ಮರೆಯಲಾಗದು.

ಯುರೋಪಿನ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಯೋಹಾನ್ ಕರೋಲಸ್ ಎಂಬುವನಿದ್ದ. ಪುಸ್ತಕ ಕಟ್ಟುವುದು, ಮಾರುವುದು ಅವನ ಕಸುಬು. ಜೊತೆಗೆ ಸುದ್ದಿಯೋಲೆಗಳನ್ನು ಕೈಬರಹದಲ್ಲಿ ನಕಲು ಮಾಡಿಸಿ ಉಳ್ಳವರಿಗೆ ಮಾರುತ್ತಿದ್ದ. ಅಚ್ಚಿನ ಯಂತ್ರ ಕೊಂಡ ಮೇಲೆ, 1605ರಲ್ಲಿ, ಆ ಸುದ್ದಿಯನ್ನೇ ಅಚ್ಚು ಹಾಕತೊಡಗಿದ. ಜಗತ್ತಿನ ಮೊದಲ ಮುದ್ರಿತ ವೃತ್ತಪತ್ರಿಕೆ ಅದೇ ಎಂದು ಅನೇಕ ವಿದ್ವಾಂಸರ ಮತ. ಇದರಲ್ಲಿ ವ್ಯವಹಾರದ ಜಾಣತನವೂ ಇದೆ. ದೊಡ್ಡ ಪುಸ್ತಕಕ್ಕೆ ಹಾಕಿದ ಹಣ ಕೈಸೇರಲು ಬಹುಕಾಲ ಬೇಕು. ವಾರಪತ್ರಿಕೆಯಾದರೆ ಯಂತ್ರ ಸುಮ್ಮನೆ ನಿಲ್ಲುವುದಿಲ್ಲ, ಹಣವೂ ಆಗಾಗ ಬರುತ್ತದೆ.

ನಮ್ಮ ನಾಡಿನಲ್ಲಿಯೂ ಹೀಗೆಯೇ ಆಯಿತು. ಮಂಗಳೂರಿನ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅಲ್ಲಿಂದಲೇ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂದಿತು. ಮೊಳೆಯಚ್ಚು ಕನ್ನಡಕ್ಕೆ ಸುಲಭವಾಗಿರಲಿಲ್ಲ. ರೋಮನ್ ಲಿಪಿಗೆ ಕೆಲವೇ ಮೊಳೆ ಸಾಕು; ನಮಗೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆ ಬೇಕು.

ಇನ್ನು ನಮ್ಮ ಸೀಮೆಯ ಮಾತು. ಅಥಣಿಯಿಂದ ಮೂಡಲಿಗೆ ಹೋದರೆ ವಿಜಯಪುರ. ಅಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳಲ್ಲಿ ಹುದುಗಿದ್ದ ವಚನಗಳನ್ನು ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಒಂದು ಪುಸ್ತಕಕ್ಕೆ ಮುಗಿಯುವ ಕೆಲಸ ಅದಲ್ಲ. ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮರುವರ್ಷ ಅದರಿಂದ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಹೊರಟವು. ಕರೋಲಸ್ ಲಾಭಕ್ಕಾಗಿ ಹಿಡಿದ ದಾರಿಯನ್ನು ಇವರು ಮನೆ ಕಳೆದುಕೊಂಡು ಹಿಡಿದರು. ವಚನಗಳು ಉಳಿದವು, ಹಳಕಟ್ಟಿಯವರು ಬಡತನದಲ್ಲಿಯೇ ಬಾಳಿದರು.

ಇಂದು ಮೊಳೆಗಳ ಕಾಲ ಮುಗಿದಿದೆ. ಅಕ್ಷರ ಜೋಡಿಸುವ ಕೆಲಸ ಗಣಕಯಂತ್ರಕ್ಕೆ ಸೇರಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕೇಳುಗರಲ್ಲಿ ನನ್ನದೊಂದು ವಿನಂತಿ. ಕನ್ನಡ ಮರಾಠಿ ಎರಡೂ ನಡೆಯುವ ಈ ಗಡಿಸೀಮೆಯಲ್ಲಿ ಹಿರಿಯರ ಪೆಟ್ಟಿಗೆಯೊಳಗೆ ಹಳೆಯ ವಾರಪತ್ರಿಕೆಯೋ ಜಾತ್ರೆಯ ಕರಪತ್ರವೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಮೊದಲು ಕೊನೆಯ ಸಾಲನ್ನು ಓದಿರಿ. ಅಲ್ಲಿ ನಿಮ್ಮೂರಿನವರೇ ಒಬ್ಬರ ಹೆಸರು ಇದ್ದೀತು.