ಬೇಲಿಯ ವಿವೇಕ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರು. ಮೇಲೆ ಮಂಜು, ಕೊಳಲನೂದುವ ದೇವರು. ಸುತ್ತ ಬಂಡೀಪುರದ ಕಾಡು. ಕೆಳಗೆ ಹಂಗಳದ ಕಡೆಗೆ ಇಳಿದರೆ ಜೋಳ, ಬಾಳೆ, ಅರಿಸಿನದ ಹೊಲಗಳು. ಕಾಡಿಗೂ ಹೊಲಕ್ಕೂ ನಡುವೆ ಎಷ್ಟೋ ಕಡೆ ಇರುವುದು ಒಂದು ಸೌರ ವಿದ್ಯುತ್ ಬೇಲಿ ಮಾತ್ರ. ಆನೆಗಾಗಿ ಇರುಳೆಲ್ಲ ಅಟ್ಟಣೆಯ ಮೇಲೆ ಎಚ್ಚರಿರುವ ರೈತನಿಗೆ ಆ ಬೇಲಿಯ ಪುಟ್ಟ ಪೆಟ್ಟಿಗೆಯೇ ಜೊತೆಗಾರ. ಅದನ್ನು ಕಟ್ಟುವ ಬಗೆ ಹೇಗೆಂಬುದು ನನ್ನ ಇಂದಿನ ಮಾತಿನ ವಿಷಯ.

ಬಿಸಿಲಿನಿಂದ ತುಂಬಿಕೊಳ್ಳುವ ಹನ್ನೆರಡು ವೋಲ್ಟಿನ ಬ್ಯಾಟರಿಯೊಂದು ಅದರ ಉಗ್ರಾಣ. ಅಲ್ಲಿಂದ ಪಡೆದ ಶಕ್ತಿಯನ್ನು ಕೆಪಾಸಿಟರೊಂದು ಬೊಗಸೆಯಂತೆ ಹಿಡಿದಿಡುತ್ತದೆ. ಥೈರಿಸ್ಟರ್ ಎಂಬ ಬಾಗಿಲು ತೆರೆದೊಡನೆ ಆ ಬೊಗಸೆ ಟ್ರಾನ್ಸ್‌ಫಾರ್ಮರಿಗೆ ಸುರಿದು, ಸಾವಿರಾರು ವೋಲ್ಟುಗಳ ಮಿಡಿತವಾಗಿ ತಂತಿಗೆ ಹರಿಯುತ್ತದೆ. ಬಾಗಿಲನ್ನು ಯಾವಾಗ ತೆರೆಯಬೇಕೆಂದು ನಿರ್ಧರಿಸುವುದು ಮೈಕ್ರೊಪ್ರೊಸೆಸರ್. 1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರುಗಳು. ಅದು ಹುಟ್ಟಿದ್ದು ಲೆಕ್ಕ ಮಾಡುವ ಯಂತ್ರಕ್ಕಾಗಿ. ಇಂದು ನೆನಪು, ಗಡಿಯಾರಗಳನ್ನೂ ಒಡಲಲ್ಲೇ ಇಟ್ಟುಕೊಂಡ ಅದರ ಸಂತತಿ ಉಗುರಿನಷ್ಟೇ ಜಾಗದಲ್ಲಿ ಅಡಗುತ್ತದೆ.

ಅದಕ್ಕೆ ಕಲಿಸಬೇಕಾದ ಪಾಠ ನಾಲ್ಕೇ ಸಾಲು: ಕಾಯಿ, ಬ್ಯಾಟರಿಯನ್ನು ನೋಡು, ಬಾಗಿಲು ತೆರೆ, ಮತ್ತೆ ಮೊದಲಿನಿಂದ ಆರಂಭಿಸು. ಕಟ್ಟುವವನು ಮೊದಲು ತಂತಿಯ ಬದಲು ಒಂದು ಪುಟ್ಟ ದೀಪವನ್ನು ಜೋಡಿಸಿ, ಅದು ಹೊತ್ತಿ ಆರುವ ಲಯವನ್ನು ಗಮನಿಸುವುದು ಕ್ಷೇಮ.

ಈ ನಾಲ್ಕರಲ್ಲಿ ಹಿರಿಯ ಮಾತು ಯಾವುದು? ‘ತೆರೆ’ ಎಂಬುದಲ್ಲ, ‘ಕಾಯಿ’ ಎಂಬುದು. ಮನೆಯ ವಿದ್ಯುತ್ತು 230 ವೋಲ್ಟು ಮಾತ್ರ. ಆದರೆ ಅದು ಬಿಡುವಿಲ್ಲದೆ ಹರಿದು, ಸ್ನಾಯುಗಳನ್ನು ಬಿಗಿದು, ಹಿಡಿದವನನ್ನು ಬಿಡದೆ ಕೊಲ್ಲುತ್ತದೆ. ಬೇಲಿಯ ಮಿಡಿತ ಸೆಕೆಂಡಿನ ನೂರರಲ್ಲೊಂದು ಪಾಲನ್ನೂ ಮೀರಬಾರದು. ಆಮೇಲೆ ಹೆಚ್ಚುಕಡಿಮೆ ಒಂದು ಸೆಕೆಂಡು ಪೂರ್ಣ ವಿರಾಮ. ಮುಟ್ಟಿದ ಆನೆಗಾಗಲಿ, ಎಡವಿ ಬಿದ್ದ ಮಗುವಿಗಾಗಲಿ ಹಿಂದೆ ಸರಿಯಲು ದೊರೆಯುವ ಅವಕಾಶ ಅದೇ. ಲೈನಿನಿಂದ ನೇರವಾಗಿ ಕದ್ದು ಬೇಲಿಗೆ ವಿದ್ಯುತ್ತು ಹಾಯಿಸುವವರು ಈ ವಿರಾಮವನ್ನೇ ಕಿತ್ತುಹಾಕುತ್ತಾರೆ. ಆನೆಗಳು ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ಹಾಗಾದರೆ ಯಂತ್ರವೇ ಮೈಮರೆತು ‘ತೆರೆ’ ಎಂಬ ಆಜ್ಞೆಯಲ್ಲಿ ನಿಂತುಬಿಟ್ಟರೆ? ಒಳ್ಳೆಯ ವಿನ್ಯಾಸ ಈ ಪ್ರಶ್ನೆಯಿಂದಲೇ ತೊಡಗುತ್ತದೆ. ಆಜ್ಞೆಯನ್ನು ಇನ್ನೊಂದು ಸಣ್ಣ ಕೆಪಾಸಿಟರಿನ ಮೂಲಕ ಕಳುಹಿಸಿದರೆ, ಬದಲಾವಣೆ ಮಾತ್ರ ದಾಟುತ್ತದೆ. ಸ್ತಬ್ಧವಾದ ಆಜ್ಞೆ ಬಾಗಿಲನ್ನು ತಲುಪದು. ಜೊತೆಗೆ ಕಾವಲು ಗಡಿಯಾರವೊಂದು ಇರುತ್ತದೆ. ನಿಗದಿಯಾದ ಅವಧಿಯಲ್ಲಿ ಪ್ರೋಗ್ರಾಮು ‘ಎಚ್ಚರಿದ್ದೇನೆ’ ಎಂದು ತಿಳಿಸದಿದ್ದರೆ ಅದು ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೊಗಸೆಯ ಅಳತೆಯೇ ಚಿಕ್ಕದಿರಬೇಕು: ಬೇಲಿಯ ಯಂತ್ರಗಳ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ ಒಂದು ಮಿಡಿತಕ್ಕೆ ಒಪ್ಪುವ ಮಿತಿ ಐದು ಜೌಲು. ಬುದ್ಧಿ ಕೆಟ್ಟರೂ ಕೈಯಲ್ಲಿ ಕೊಲ್ಲುವಷ್ಟು ಶಕ್ತಿ ಇರಬಾರದೆಂಬುದು ಇದರ ತಾತ್ಪರ್ಯ.

ಆನೆಯೂ ದಡ್ಡ ಪ್ರಾಣಿಯಲ್ಲ. ದಂತಕ್ಕೆ ವಿದ್ಯುತ್ತು ತಾಗದೆಂದು ಅರಿತು ತಂತಿಯನ್ನು ಕಿತ್ತ ಸಲಗಗಳುಂಟು. ಮರವನ್ನು ಕೆಡವಿ ಬೇಲಿ ದಾಟಿದವೂ ಉಂಟು. ಮಳೆಯಲ್ಲಿ ನೆನೆದ ಲಂಟಾನ ತಂತಿಗೆ ತಗುಲಿದರಂತೂ ಮಿಡಿತ ಮಣ್ಣಿಗೆ ಸೋರಿಹೋಗುತ್ತದೆ. ಕಿಡಿಯಾಗಿ ಸೋರುತ್ತಿದ್ದರೆ ಅದರ ಜಾಗವನ್ನು ಹುಡುಕಲು ದುಬಾರಿ ಸಲಕರಣೆ ಬೇಕಿಲ್ಲ. ಮಧ್ಯಮ ತರಂಗದ ರೇಡಿಯೊವನ್ನು ಕೈಯಲ್ಲಿ ಹಿಡಿದು, ತಂತಿಯನ್ನು ಮುಟ್ಟದೆ ಬೇಲಿಯ ಉದ್ದಕ್ಕೆ ನಡೆದರೆ ಸಾಕು; ಸೆಕೆಂಡಿಗೊಮ್ಮೆ ಕೇಳುವ ಟಿಕ್ ಎಂಬ ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲಿ ಗಿಡವನ್ನು ಸವರಬೇಕು.