ಹತ್ತನೇ ತರಗತಿ ಎಲ್ಲಿ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಶಿಕ್ಷಣ ಸಮಿತಿಯ ಸದಸ್ಯೆಯೊಬ್ಬರು ಮಾಡಿದ ಭಾಷಣ)

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಂದ ಮಕ್ಕಳನ್ನು ಕರೆದುಕೊಂಡು ಬಂದಿರುವ ತಾಯಂದಿರೇ, ತಂದೆಯವರೇ,

ಅರ್ಜಿ ಕೊಡಲು ಬರುವ ತಾಯಂದಿರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಆಪಾ, ಮಗಳನ್ನು ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸಲಿ? ಹುಡುಗಿಯರದ್ದೇ ಪ್ರೈವೇಟ್ ಸ್ಕೂಲ್ ಎಲ್ಲಾದರೂ ಇದೆಯಾ?" ಈ ಕಾಳಜಿ ತಪ್ಪಲ್ಲ. ಆದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಅಂಥ ಶಾಲೆ ವಿರಳ, ಖಾಸಗಿ ಶಾಲೆಗಳಲ್ಲಿ ಹೆಚ್ಚಿನವು ಹುಡುಗ ಹುಡುಗಿಯರು ಒಟ್ಟಿಗೆ ಓದುವಂಥವು. ಅದಕ್ಕಾಗಿ ಆರು ವರ್ಷದ ಮಗುವನ್ನು ಮೈಸೂರಿನ ಹಾಸ್ಟೆಲ್‌ಗೆ ಬಿಡುತ್ತೇವೆ ಎನ್ನುವವರೂ ಇದ್ದಾರೆ. ಬೇಡ ಎಂದೇ ಹೇಳುತ್ತೇನೆ. ಆ ವಯಸ್ಸಿಗೆ ರಾತ್ರಿ ಮಲಗುವಾಗ ಅಮ್ಮ ಪಕ್ಕದಲ್ಲಿರಬೇಕು.

ಶಾಲೆ ನೋಡಲು ಹೋದಾಗ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಇಲ್ಲಿ ಹತ್ತನೇ ತರಗತಿ ಇದೆಯೇ? ಇಲ್ಲದಿದ್ದರೆ ನನ್ನ ಮಗಳು ಅದನ್ನು ಎಲ್ಲಿ ಓದುತ್ತಾಳೆ? ಎಷ್ಟೋ ಸಣ್ಣ ಖಾಸಗಿ ಶಾಲೆಗಳು ಐದಕ್ಕೋ ಏಳಕ್ಕೋ ಮುಗಿಯುತ್ತವೆ. ಆಗ ಹುಡುಗಿಗೆ ಹನ್ನೆರಡು ಹದಿಮೂರು ವರ್ಷ. ಹೊಸ ಶಾಲೆ, ಹೊಸ ಶುಲ್ಕ, ದೂರದ ಬಸ್ಸು. ಮನೆಯಲ್ಲಿ ಯಾರೋ ಒಬ್ಬರು "ಇಷ್ಟು ಓದಿದ್ದು ಸಾಕು" ಅಂತಾರೆ. ಅಣ್ಣನಿಗೆ ಯಾರೂ ಹಾಗೆ ಹೇಳುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಇಂಥ ತಿರುವಿನಲ್ಲಿ, ಪರೀಕ್ಷೆಯಲ್ಲಿ ಫೇಲಾಗಿ ಅಲ್ಲ.

ಆಮೇಲೆ ದಾರಿ. ಬೇಗಂ ರುಕಯ್ಯಾ ಸಖಾವತ್ ಹುಸೇನ್ 1909ರಲ್ಲಿ ಭಾಗಲ್ಪುರದಲ್ಲಿ ಐದು ಹುಡುಗಿಯರೊಂದಿಗೆ ಶಾಲೆ ತೆರೆದರು, 1911ರಲ್ಲಿ ಅದನ್ನು ಕಲ್ಕತ್ತೆಗೆ ತಂದರು. ಅವರಿಗೂ ದೊಡ್ಡ ತಲೆನೋವಾದದ್ದು ಗಾಡಿಯೇ. ಪರದೆಗೆಂದು ಗಾಡಿಯನ್ನು ಎಲ್ಲಾ ಕಡೆ ಮುಚ್ಚಿದರೆ ಮಕ್ಕಳು ಒಳಗೆ ಮೂರ್ಛೆ ಹೋಗುತ್ತಿದ್ದರು, ತೆರೆದರೆ ದೂರು ಬರುತ್ತಿತ್ತು. ಇಂದಿನ ವ್ಯಾನ್‌ಗಳಿಗೆ ಪರದೆ ಇಲ್ಲ, ಆದರೆ ಮಕ್ಕಳನ್ನು ತುಂಬುವ ರೀತಿ ನೋಡಿದರೆ ಉಸಿರು ಕಟ್ಟುತ್ತದೆ. ಸೇರಿಸುವ ಮೊದಲು ಒಂದು ದಿನ ಸಂಜೆ ಹೋಗಿ ನಿಂತು ನೋಡಿ. ಎಷ್ಟು ಮಕ್ಕಳು ಹತ್ತುತ್ತಾರೆ? ಜೊತೆಗೆ ಹೆಂಗಸೊಬ್ಬರು ಇರುತ್ತಾರೆಯೇ? ಕೊನೆಗೆ ಇಳಿಯುವ ಮಗು ಯಾರದು? ಹನೂರಿನ ಆಚೆ ರಾಮಾಪುರ, ಲೊಕ್ಕನಹಳ್ಳಿ ಕಡೆಯವರಿಗೆ ಕತ್ತಲಾದ ಮೇಲೆ ಕಾಡಿನ ರಸ್ತೆ ಎಂದರೇನು ಎಂದು ನಾನು ಹೇಳಬೇಕಿಲ್ಲ. ಹುಡುಗಿ ದೊಡ್ಡವಳಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸು ಇದೆ, ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ.

ಶಾಲೆಯ ಒಳಗೆ ಹೋದಾಗ ಆಫೀಸ್ ರೂಮಿನಲ್ಲೇ ಕೂತು ಬರಬೇಡಿ. ಹೆಣ್ಣುಮಕ್ಕಳ ಶೌಚಾಲಯ ನೋಡಿ. ನೀರಿದೆಯೇ, ಚಿಲಕ ಇದೆಯೇ? ಅದು ಸರಿಯಿಲ್ಲದ ಕಡೆ ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೂರುತ್ತಾರೆ.

ತಲೆವಸ್ತ್ರದ ವಿಷಯ ಎಲ್ಲರ ಮನಸ್ಸಿನಲ್ಲಿದೆ. 2022ರಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಖಾಸಗಿ ಶಾಲೆಯಲ್ಲಿ ಸಮವಸ್ತ್ರ ನಿಗದಿ ಮಾಡುವುದು ಆಡಳಿತ ಮಂಡಳಿ. ನಿಯಮ ಏನು, ದೊಡ್ಡ ತರಗತಿಗಳಲ್ಲಿ ಏನು ಎಂದು ಹಣ ಕಟ್ಟುವ ಮೊದಲೇ ಸಮಾಧಾನವಾಗಿ ಕೇಳಿ ತಿಳಿದುಕೊಳ್ಳಿ. ಗೇಟಿನ ಮುಂದೆ ನಿಂತು ಆ ಮಾತಿಗೆ ಉತ್ತರ ಕೊಡುವ ಕೆಲಸ ಮಗುವಿಗೆ ಬರಬಾರದು.

ಇನ್ನು ಹಣ. ಮೊದಲ ವರ್ಷದ ಶುಲ್ಕ ಕೇಳಿ ಸಂತೋಷಪಡಬೇಡಿ. ಉದಾಹರಣೆಗೆ ಒಂದನೇ ತರಗತಿಗೆ 18,000 ರೂಪಾಯಿ, ವರ್ಷಕ್ಕೆ ಶೇ. 10 ಏರಿಕೆ ಎಂದಿಟ್ಟುಕೊಳ್ಳಿ. ಹತ್ತನೇ ತರಗತಿಗೆ ಅದು 42,000 ದಾಟುತ್ತದೆ. ಪುಸ್ತಕ, ಬಟ್ಟೆ, ವ್ಯಾನು ಬೇರೆ. ರೇಷ್ಮೆ ನೂಲು ತೆಗೆಯುವ ಕೂಲಿಯಲ್ಲಿ, ತಳ್ಳುಗಾಡಿಯ ಸಂಪಾದನೆಯಲ್ಲಿ ಇದನ್ನು ಹತ್ತು ವರ್ಷ ಎಳೆಯಲು ಆಗುತ್ತದೆಯೇ ಎಂದು ಗಂಡ ಹೆಂಡತಿ ಇಬ್ಬರೂ ಕೂತು ಲೆಕ್ಕ ಹಾಕಿ. ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಲ್ಲಿ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಲಾಯಿತು. ಆರ್‌ಟಿಇ ಸೀಟನ್ನು ನೆಚ್ಚಿ ಕೂರಬೇಡಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ 2019-20ರಿಂದ ನಮ್ಮ ರಾಜ್ಯದಲ್ಲಿ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡುತ್ತಿಲ್ಲ.

ಆದರೆ 2009ರ ಅದೇ ಕಾಯ್ದೆ ನಿಮ್ಮ ಕೈಗೆ ಕೆಲವು ಹಕ್ಕು ಕೊಟ್ಟಿದೆ. ಪ್ರವೇಶಕ್ಕೆ ಡೊನೇಷನ್ ಕೇಳುವಂತಿಲ್ಲ. ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಇಂಟರ್‌ವ್ಯೂ ಮಾಡುವಂತಿಲ್ಲ. ಇಂಗ್ಲಿಷ್ ಬಾರದ ತಾಯಂದಿರೇ, ಇದನ್ನು ನೆನಪಿಟ್ಟುಕೊಳ್ಳಿ. ಶಾಲೆಗೆ ಮಾನ್ಯತೆ ಇದೆಯೇ, ಎಷ್ಟನೇ ತರಗತಿವರೆಗೆ ಇದೆ ಎಂದು ಕೇಳಿ. 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ ಬರೆದುಕೊಂಡು ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ತೋರಿಸಿ.

ಲೆಕ್ಕ ಹೊಂದದಿದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಐದನೇ ತರಗತಿಯಲ್ಲಿ ಪ್ರವೇಶ ಪರೀಕ್ಷೆ ಬರೆದರೆ ಆರರಿಂದ ಹತ್ತರವರೆಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ದಾರಿಯೂ ಇದೆ. ಖಾಸಗಿಯಲ್ಲಿ ನಾಲ್ಕು ವರ್ಷ ಓದಿಸಿ ಕೈಚೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ದಾನಿಗಳಲ್ಲಿ ಒಂದು ಮಾತು. ಮೂವತ್ತು ಹುಡುಗಿಯರಿಗೆ ಒಂದು ವರ್ಷ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ. ಹತ್ತು ಹುಡುಗಿಯರಿಗೆ ಎಂಟು, ಒಂಬತ್ತು, ಹತ್ತು, ಹೀಗೆ ಮೂರು ವರ್ಷ ಬಿಡದೆ ಕೊಡಿ ಎಂದು ನಾನು ಬೇಡುತ್ತೇನೆ. ಮನೆಯವರ ಕೈ ಸೋಲುವುದು ಆಗಲೇ.

ಈ ಸಲದ ಅರ್ಜಿಯಲ್ಲಿ ಹೊಸದೊಂದು ಕಲಂ ಇದೆ: "ಹತ್ತನೇ ತರಗತಿ ಎಲ್ಲಿ?" ಅದನ್ನು ಖಾಲಿ ಬಿಡಬೇಡಿ. ಏನು ಬರೆಯಬೇಕೆಂದು ತಿಳಿಯದಿದ್ದರೆ ಹೊರಗೆ ಟೇಬಲ್ ಹತ್ತಿರ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೂತಿದ್ದಾರೆ, ಕೇಳಿ ಬರೆಸಿಕೊಳ್ಳಿ.