ನೆಲದ ಬಾಡಿಗೆ ಯಾರ ಲೆಕ್ಕದಲ್ಲಿದೆ?
(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಗಾರನಲ್ಲ. ಶಿಬಿರ ಕರೆದವರು "ನಿಮ್ಮೂರಿನ ಕಷ್ಟ ಒಂದಿಷ್ಟು ಹೇಳಪ್ಪ, ಸಾಕು" ಅಂದರು. ಕಷ್ಟ ಹೇಳಿಕೊಂಡರೆ ಕೇಳೋರು ಅಯ್ಯೋ ಪಾಪ ಅಂತಾರೆ, ಎದ್ದು ಊಟಕ್ಕೆ ಹೋಗ್ತಾರೆ. ಅದಕ್ಕೇ ನನ್ನ ಮಗಳ ಹಳೇ ನೋಟ್‌ಬುಕ್ ಒಂದನ್ನು ತಂದಿದ್ದೇನೆ. ಅದರಲ್ಲಿ ಬರೆದಿರೋ ಲೆಕ್ಕವನ್ನೇ ನಿಮ್ಮ ಮುಂದೆ ಓದ್ತೀನಿ. ತಪ್ಪಿದ್ದರೆ ಇಲ್ಲೇ ತಿದ್ದಿ.

ನಮ್ಮದು ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕಿನ ಒಂದು ಮೂಲೆ ಹಳ್ಳಿ. ಭೂಪಟ ತೆಗೆದು ನೋಡಿ, ಪಾವಗಡಕ್ಕೆ ಮೂರು ಕಡೆ ಆಂಧ್ರ. ನಮ್ಮಲ್ಲಿ ಬಹಳ ಜನರ ಮನೆಮಾತು ತೆಲುಗು, ಪಹಣಿ ಮಾತ್ರ ಕನ್ನಡ. ಎಪ್ಪತ್ತು ಮನೆ ಇದ್ದದ್ದು, ಈಗ ಹೊಗೆಯಾಡೋದು ನಲವತ್ತೆಂಟರಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಾಯಂಕಾಲ ಒಂದು. ಅದು ತಪ್ಪಿದರೆ ಹೋಬಳಿಗೆ ಹನ್ನೊಂದು ಕಿಲೋಮೀಟರು ಯಾರದಾದರೂ ಬೈಕು ಹಿಡೀಬೇಕು. ಬೋರಿನ ನೀರಲ್ಲಿ ಫ್ಲೋರೈಡು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ನಿಯಮ ಬಾವಿಗೆ ಗೊತ್ತಿಲ್ಲವಲ್ಲ. ನಮ್ಮ ಹಿರಿಯರ ಹಲ್ಲು ನೋಡಿದರೆ ಯಾವ ಊರಿನವರು ಅಂತ ಹೇಳಬಹುದು. ಮಂಡಿ ಹಿಡಿದುಕೊಂಡು ಕೂತವರು ಏಳೋದಕ್ಕೆ ಇಬ್ಬರ ಕೈ ಬೇಕು. ಈಗ ನೀರಿನ ಘಟಕ ಬಂದಿದೆ, ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಕೆಟ್ಟಾಗ ರಿಪೇರಿಗೆ ಬರೋನು ಮಾತ್ರ ಬಸ್ಸಿಗಿಂತ ತಡ.

ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ಅದರಲ್ಲಿ ನಾವೂ ಇದ್ದೇವೆ. ಹಿಂದುಳಿದವರು ಅಂತ ಬರೆಸಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು.

ಬೆಳೆ ಅಂದರೆ ನಮಗೆ ಕಡ್ಲೇಕಾಯಿ. ನಡುವೆ ಸಾಲು ಹಿಡಿದು ತೊಗರಿ, ಹುರುಳಿ, ಎಲ್ಲೋ ಒಂದಿಷ್ಟು ರಾಗಿ. ತಾತ ಬಿತ್ತಿದ್ದು ಟಿ.ಎಂ.ವಿ.-2 ತಳಿ. ಆಗಿನ ಮದ್ರಾಸ್ ಪ್ರಾಂತದ ತಿಂಡಿವನಂನಿಂದ 1940ರಲ್ಲಿ ಬಿಡುಗಡೆಯಾದದ್ದು ಅದು. ಆಮೇಲೆ ಗಡಿ ಆಚೆಯಿಂದ ಕದಿರಿ-6 ಬಂತು. ಮಳೆ ಬಂದರೆ ಎರಡೂ ಬರುತ್ತವೆ, ಬರದಿದ್ದರೆ ಎರಡೂ ಒಣಗುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದರು. ಮೊದಲ ಕಂತು ಅಂತ ಎರಡು ಸಾವಿರ ರೂಪಾಯಿ ಬಂತು. ಮಳೆಯಾಶ್ರಿತ ಬೆಳೆಗೆ ಪರಿಹಾರದ ಮಾನದಂಡ ಆಗ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಎಕರೆಗೆ ಭಾಗಿಸಿದರೆ ಮೂರು ಸಾವಿರದ ನಾನೂರು ಚಿಲ್ಲರೆ. ಬರೀ ಬೀಜದ ದುಡ್ಡೂ ಅಲ್ಲ ಅದು.

ಸರಿ, ಬರಗಾಲದ ಮಾತು ಬಿಡಿ. ಮಳೆ ಆದ ವರ್ಷದ ಲೆಕ್ಕವನ್ನೇ ನೋಡೋಣ. 2024ರ ಮುಂಗಾರಿನಲ್ಲಿ ನನ್ನ ಒಂದು ಎಕರೆಗೆ ಆದ ಖರ್ಚು ಇದು. ಬಿತ್ತನೆ ಬೀಜ 4,800. ಉಳುಮೆ, ಬಿತ್ತನೆ, ಟ್ರ್ಯಾಕ್ಟರ್ ಬಾಡಿಗೆ 3,500. ಗೊಬ್ಬರ 2,200. ಕಳೆ ಕೂಲಿ 3,000. ಕೀಳೋದು, ಕಾಯಿ ಬಿಡಿಸೋದು 5,000. ಔಷಧಿ 800. ಸಾಗಣೆ 700. ಒಟ್ಟು 20,000 ರೂಪಾಯಿ. ಇದು ಕೈಯಿಂದ ಬಿಚ್ಚಿದ ದುಡ್ಡು ಮಾತ್ರ. ನಾನು, ನನ್ನ ಹೆಂಡತಿ, ಅಮ್ಮ ದುಡಿದದ್ದು ಇದರಲ್ಲಿಲ್ಲ. ಕಾಡುಹಂದಿ ಕಾಯ್ದ ರಾತ್ರಿಗಳೂ ಇಲ್ಲ.

ಬೆಳೆ ನಾಲ್ಕು ಕ್ವಿಂಟಾಲ್ ಬಂತು. ನಮ್ಮ ಕಡೆ ಖುಷ್ಕಿಗೆ ಇದು ಒಳ್ಳೇ ಫಸಲು, ನಗಬೇಡಿ. ಆ ವರ್ಷ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 6,783. ನನಗೆ ಸಿಕ್ಕಿದ್ದು 5,600. ಯಾಕೆ ಅಂತ ಕೇಳಿ. ಬೀಜ ಕೊಟ್ಟೋನು ವ್ಯಾಪಾರಿ. ಜೂನ್ ತಿಂಗಳಲ್ಲಿ ಬೀಜ ಬೇಕು, ಕೈಯಲ್ಲಿ ದುಡ್ಡಿಲ್ಲ. ಅವನು "ತಗೊಂಡು ಹೋಗಪ್ಪ, ಕಾಯಿ ಬಂದಾಗ ನೋಡೋಣ" ಅಂತಾನೆ. ಕಾಯಿ ಬಂದಾಗ ಅವನೇ ನೋಡ್ತಾನೆ, ನಾವು ಬಾಯಿ ಮುಚ್ಚಿಕೊಂಡು ನಿಲ್ತೀವಿ. ತೇವ ಅಂತ ಒಂದಿಷ್ಟು ಕಳೆದ, ಮಣ್ಣು ಅಂತ ಒಂದಿಷ್ಟು ಕಳೆದ. ಕೊಟ್ಟದ್ದು ಬಿಳಿ ಚೀಟಿ. ಅದರಲ್ಲಿ ಅಂಗಡಿ ಹೆಸರೂ ಇಲ್ಲ, ತಾರೀಖೂ ಇಲ್ಲ. ಅದನ್ನು ಹಿಡಿದು ಯಾವ ಕಛೇರಿಗೆ ಹೋಗೋದು? ಖರೀದಿ ಕೇಂದ್ರ ತೆರೆಯೋ ಹೊತ್ತಿಗೆ ನಮ್ಮೂರಿನ ಕಾಯಿ ಮುಕ್ಕಾಲು ಪಾಲು ಲಾರಿ ಹತ್ತಿ ಹೋಗಿರುತ್ತೆ.

ನಾಲ್ಕು ಕ್ವಿಂಟಾಲಿಗೆ 22,400 ಬಂತು. ಖರ್ಚು ಕಳೆದರೆ 2,400. ಬೆಂಬಲ ಬೆಲೆ ಸಿಕ್ಕಿದ್ದರೆ 27,132 ಬರ್ತಿತ್ತು. ಅಂದರೆ ಒಂದು ಎಕರೆಯಲ್ಲಿ 4,732 ರೂಪಾಯಿ ನನ್ನ ಹೊಲದಿಂದ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ನಡೆದುಕೊಂಡು ಹೋಯಿತು. ನನಗಿರೋದು ಐದು ಎಕರೆ. ಗುಣಿಸಿಕೊಳ್ಳಿ.

ವ್ಯಾಪಾರಿ ಒಬ್ಬನನ್ನೇ ಬೈದು ಪ್ರಯೋಜನ ಇಲ್ಲ ಅನ್ನೋದೂ ನನಗೆ ಗೊತ್ತು. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರಿತ್ತು. ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಗಾಡಿಯಲ್ಲಿ ಹೋಗಿದ್ದೆ. ಊರಿಗೆ ಎರಡು ಮೈಲಿ ಇರೋವಾಗಲೇ ಹಿಂಡಿ ವಾಸನೆ ಬರ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಎಣ್ಣೆ, ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮೇಲೆ ಶೇಕಡ 20 ಮೂಲ ಸುಂಕ ಹಾಕಿದರು. ಪರವಾಗಿಲ್ಲ, ನಮ್ಮ ನೆನಪಾಯಿತು ಅಂದುಕೊಂಡೆವು. 2025ರ ಮೇ ತಿಂಗಳ ಕೊನೆಗೆ, ನಾವು ಬೀಜಕ್ಕೆ ಸಾಲ ಮಾಡೋ ಹೊತ್ತಿಗೆ ಸರಿಯಾಗಿ, ಅದನ್ನು ಶೇಕಡ 10ಕ್ಕೆ ಇಳಿಸಿದರು. ಪಟ್ಟಣದ ಒಗ್ಗರಣೆ ಅಗ್ಗ ಆಗಲಿ ಅಂತ ನಮ್ಮ ಕಾಯಿ ಬೆಲೆ ಇಳೀಬೇಕು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ನಮ್ಮ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಕಡೆ ಸೋಲಾರ್ ಪಾರ್ಕ್ ಆಗಿರೋದು ನಿಮಗೆಲ್ಲ ಗೊತ್ತು. ಸುಮಾರು 13,000 ಎಕರೆ. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. 2,050 ಮೆಗಾವ್ಯಾಟ್ ಕರೆಂಟು. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು, ಅದನ್ನು ಒಪ್ಪಲೇಬೇಕು. ಪಹಣಿ ರೈತನ ಹೆಸರಲ್ಲೇ ಇರುತ್ತೆ. 28 ವರ್ಷದ ಕರಾರು. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ.

ನನ್ನ ಅಕ್ಕನನ್ನು ಆ ಕಡೆ ಕೊಟ್ಟಿದೆ. ಭಾವ ಎಂಟು ಎಕರೆ ಬರೆದುಕೊಟ್ಟರು. ಮೊದಲ ವರ್ಷದ ದುಡ್ಡಿನಲ್ಲಿ ಹಳೇ ಕೈಸಾಲ ತೀರಿಸಿದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯದು. ಎರಡನೇ ವರ್ಷ ಮಗಳ ಮದುವೆ. ಅಕ್ಕ ಹೇಳ್ತಾಳೆ, "ಮೋಡ ನೋಡೋದು ಬಿಟ್ಟು ಎಷ್ಟೋ ವರ್ಷ ಆಯ್ತು ಕಣೋ, ಮಳೆ ಬಂದರೆ ಬಟ್ಟೆ ಎತ್ತಿಡ್ತೀನಿ ಅಷ್ಟೆ." ಆ ಮಾತು ಕೇಳಿ ನನಗೆ ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳಲಿ?

ಆದರೆ ಆ ರಾತ್ರಿ ಕೂತು ಯೋಚನೆ ಮಾಡಿದೆ. ನನ್ನ ಎಕರೆ ಒಂದು ವರ್ಷ ದುಡಿದು ಕೊಟ್ಟಿದ್ದು 2,400. ಭಾವನ ಎಕರೆ ಸುಮ್ಮನೆ ಬಿದ್ದುಕೊಂಡು ಕೊಟ್ಟಿದ್ದು 21,000ಕ್ಕೂ ಮೇಲೆ. ಎರಡೂ ಅದೇ ಕೆಂಪು ಮಣ್ಣು, ಅದೇ ಕಲ್ಲು. ಹಾಗಾದರೆ ನೆಲಕ್ಕೆ ಬಾಡಿಗೆ ಉಂಟು ಅಂತಾಯಿತಲ್ಲ! ಕರೆಂಟು ಬೆಳೆದರೆ ಉಂಟು, ಕಡ್ಲೇಕಾಯಿ ಬೆಳೆದರೆ ಇಲ್ಲ. ಬೆಂಬಲ ಬೆಲೆ ಕಟ್ಟುವಾಗ ಕೇಂದ್ರದ ಬೆಲೆ ಆಯೋಗ ಏನು ಮಾಡುತ್ತೆ? ಖರ್ಚಿಗೆ ಎರಡು ಮೂರು ಅಳತೆ ಇಟ್ಟುಕೊಂಡಿದೆ. ಎ-ಟು ಪ್ಲಸ್ ಎಫ್‌ಎಲ್ ಅನ್ನೋದರಲ್ಲಿ ಕೈಯಿಂದ ಹೋದ ಖರ್ಚು, ಮನೆಯವರ ದುಡಿಮೆ ಇಷ್ಟೇ. ಸಿ-ಟು ಅನ್ನೋದರಲ್ಲಿ ಇದರ ಜೊತೆಗೆ ಸ್ವಂತ ನೆಲದ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಸೇರುತ್ತೆ. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ ಖರ್ಚಿನ ಮೇಲೆ ಕನಿಷ್ಠ ಶೇಕಡ 50 ಸೇರಿಸಿ ಕೊಡಿ ಅಂದಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಆಗಲಿ ಅಂತು. ಆದರೆ ಹಿಡಿದ ಅಳತೆ ಮೊದಲನೆಯದು. ನೆಲದ ಬಾಡಿಗೆ ಅಲ್ಲಿಗೆ ಹೊರಗೆ ಬಿತ್ತು. ಅಂಗಡಿಯವನು ಮಳಿಗೆ ಬಾಡಿಗೆ ಬಿಟ್ಟು ಸೀರೆಗೆ ಬೆಲೆ ಹಾಕ್ತಾನೇನ್ರಪ್ಪಾ?

ನನ್ನ ಖರ್ಚು 20,000ಕ್ಕೆ ಆ 21,000 ಸೇರಿಸಿ. 41,000 ಆಯಿತು. ನಾಲ್ಕು ಕ್ವಿಂಟಾಲಿಗೆ ಹಂಚಿದರೆ ಕ್ವಿಂಟಾಲಿಗೆ 10,250. ಇದರಲ್ಲಿ ಲಾಭ ಅಂತ ಒಂದು ಪೈಸೆ ಇಲ್ಲ, ನಮ್ಮ ಮೂರು ಜನರ ಕೂಲಿಯೂ ಇಲ್ಲ. ಸೋಲಾರ್ ಬಾಡಿಗೆ ಒಪ್ಪಲ್ಲ, ಊರಲ್ಲಿ ನಡೆಯೋ ಗುತ್ತಿಗೆ ದರ ಮಾತ್ರ ಹಿಡೀತೀವಿ ಅಂತ ಲೆಕ್ಕದವರು ಹೇಳಬಹುದು. ಹೇಳಲಿ. ಅದನ್ನಾದರೂ ಹಿಡೀಲಿ ಮೊದಲು. ವೈಜ್ಞಾನಿಕ ಬೆಲೆ ಅಂತ ನಾವು ನಲವತ್ತು ವರ್ಷದಿಂದ ಕೂಗಿದ್ದು ಇದನ್ನೇ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಟ್ಟರೆ ನಾನು ಅಕ್ಕನಿಗೂ ಮೋಸ ಮಾಡಿದ ಹಾಗೆ. ಎರಡು ವರ್ಷಕ್ಕೆ ಶೇಕಡ 5 ಏರಿಕೆ ಅಂದರೆ ಎಂಟು ವರ್ಷ ಮುಗಿದಾಗ ನಾಲ್ಕು ಏರಿಕೆ. 21,000 ಆಗ 25,500 ಆಗುತ್ತೆ. 2017ರಲ್ಲಿ ಕಡ್ಲೇಕಾಯಿ ಬೆಂಬಲ ಬೆಲೆ 4,450 ಇತ್ತು, 2025ಕ್ಕೆ 7,263 ಆಯಿತು. ನಾವು ಸಾಲದು ಅಂತ ಬೈಯೋ ಬೆಂಬಲ ಬೆಲೆಯೇ ಎಂಟು ವರ್ಷದಲ್ಲಿ ನೂರಕ್ಕೆ ಅರವತ್ತಮೂರು ಏರಿದೆ, ಬಾಡಿಗೆ ಏರೋದು ಇಪ್ಪತ್ತೊಂದೂವರೆ. 28ನೇ ವರ್ಷಕ್ಕೆ ಬಾಡಿಗೆ ಸುಮಾರು 39,600. ಆ ಕಾಲಕ್ಕೆ ಆ ದುಡ್ಡಿಗೆ ಏನು ಬರುತ್ತೋ! ಭಾವನ ಮೊಮ್ಮಗ ಜಮೀನು ವಾಪಸ್ ತಗೊಳ್ಳೋ ಹೊತ್ತಿಗೆ ನೇಗಿಲು ಹಿಡಿದ ಕೈ ಆ ಮನೆಯಲ್ಲಿ ಒಂದೂ ಇರೋದಿಲ್ಲ.

ಬಾಡಿಗೆ ಬರೋದು ಪಹಣಿ ಇದ್ದವನಿಗೆ. ನಮ್ಮ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕ್ತಿದ್ದ ಹೆಣ್ಣುಮಕ್ಕಳಿಗೆ ಏನು ಬಂತು? ಕುರಿ ಮೇಯಿಸೋನು ಬೇಲಿ ಸುತ್ತಿಕೊಂಡು ಎಲ್ಲಿಗೆ ಹೋಗಬೇಕು? ತಲೆಮಾರಿನಿಂದ ಉಳುತ್ತಾ ದರಖಾಸ್ತು ಅರ್ಜಿ ಹಿಡಿದು ಓಡಾಡೋನಿಗೆ ಬಾಡಿಗೆ ಯಾರ ಹೆಸರಲ್ಲಿ ಕೊಡ್ತಾರೆ? ಇಲ್ಲಿ ಕೂತಿರೋ ನಾವೆಲ್ಲ ಪಹಣಿ ಇರೋರು. ಅದಕ್ಕೇ ಈ ಮಾತು ಇಲ್ಲೇ ಆಡ್ತಿದ್ದೀನಿ. ಅಕ್ಕನ ಊರಲ್ಲಿ ಕಳೆ ತೆಗೀತಿದ್ದ ಹೆಂಗಸರಲ್ಲಿ ಕೆಲವರು ಪ್ಯಾನೆಲ್ ಒರೆಸೋ ಕೆಲಸಕ್ಕೆ ಹೋದರು, ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಸಾಲದ ಮಾತು ಚಿಕ್ಕದಾಗಿ ಹೇಳಿಬಿಡ್ತೀನಿ. ಕೇಂದ್ರ ಸರ್ಕಾರವೇ 2019ರಲ್ಲಿ ಮಾಡಿದ ಸಮೀಕ್ಷೆ ಪ್ರಕಾರ ದೇಶದ ರೈತ ಕುಟುಂಬಗಳಲ್ಲಿ ನೂರಕ್ಕೆ ಐವತ್ತು ಸಾಲದಲ್ಲಿವೆ. ಸರಾಸರಿ ಸಾಲ 74,121 ರೂಪಾಯಿ. ತಿಂಗಳ ಸರಾಸರಿ ಆದಾಯ 10,218. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ಅಂದರೆ ರೈತ ಅಂತ ಕರೆಸಿಕೊಳ್ಳೋನು ರೈತನಾಗಿ ಗಳಿಸೋದಕ್ಕಿಂತ ಕೂಲಿಯವನಾಗಿ ಗಳಿಸೋದು ಜಾಸ್ತಿ. ಸೊಸೈಟಿ ಸಾಲಕ್ಕೆ ಬಡ್ಡಿ ಇಲ್ಲ ಅಂತಾರೆ, ನಿಜ. ಸಿಗೋದು ಹಳೇ ಸದಸ್ಯರಿಗೆ. ಉಳಿದವರ ಮನೆ ಬಾಗಿಲಿಗೆ ಸಣ್ಣ ಸಾಲದ ಹುಡುಗರು ಬೈಕಲ್ಲಿ ಬರ್ತಾರೆ. ವಾರದ ಕಂತು ಹೆಂಗಸರ ತಲೆ ಮೇಲೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಈ ಕಿರುಕುಳ ತಡೆಯೋದಕ್ಕೆ ಸುಗ್ರೀವಾಜ್ಞೆ ತಂದಿತು. ಹಿಂದೆ ನಮ್ಮ ಹಿರಿಯರು ಜಪ್ತಿಗೆ ಬಂದವರನ್ನು ಊರ ಬಾಗಿಲಲ್ಲಿ ನಿಲ್ಲಿಸ್ತಿದ್ದರು. ಪಾತ್ರೆ ಕಾಣುತ್ತಿತ್ತು, ಹಿಡಿದು ನಿಲ್ಲಬಹುದಿತ್ತು. ಈಗಿನ ಜಪ್ತಿ ಫೋನಿನಲ್ಲಿ ಬರುತ್ತೆ, ಖಾತೆಗೆ ಬಿದ್ದ ಪರಿಹಾರದ ದುಡ್ಡನ್ನೇ ಬ್ಯಾಂಕಿನಲ್ಲಿ ಸಾಲಕ್ಕೆ ವಜಾ ಹಾಕಿಕೊಳ್ತಾರೆ. ನನಗೇ ಆಗಿದೆ.

ಮೂರು ತಿಂಗಳ ಹಿಂದೆ ನಮ್ಮೂರಿಗೂ ಇಬ್ಬರು ಬಂದರು. ಒಳ್ಳೇ ಮಾತಿನವರು. ಅರಳೀಕಟ್ಟೆ ಮೇಲೆ ಕೂತು ಒಟ್ಟಾಗಿ ಇನ್ನೂರು ಎಕರೆ ಕೊಟ್ಟರೆ ಗುತ್ತಿಗೆ ಮಾಡಿಸ್ತೀವಿ ಅಂದರು. ಕರಾರಿನ ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಕೊಡಿ ಅಂದೆವು, ತರ್ತೀವಿ ಅಂದು ಹೋದವರು ಇನ್ನೂ ತಂದಿಲ್ಲ. ಊರು ಎರಡಾಗಿದೆ. ಮಕ್ಕಳು ಪಟ್ಟಣದಲ್ಲಿರೋ ಮುದುಕರು ಕೊಡೋಣ ಅಂತಾರೆ. ಬೋರು ಇನ್ನೂ ಬದುಕಿರೋ ನಾಲ್ಕು ಜನ ಬೇಡ ಅಂತಾರೆ. ನಡುವೆ ನಾನು. ನನ್ನ ಎರಡೂವರೆ ಎಕರೆಗೆ ಪೋಡಿ ಆಗಿಲ್ಲ, ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ. ಕೊಡಬೇಕಂದರೂ ಮೂರು ಜನ ಸಹಿ ಹಾಕಬೇಕು.

ಮಗ ಬೆಂಗಳೂರಿನ ಪೀಣ್ಯದಲ್ಲಿದ್ದಾನೆ. ಭಾನುವಾರ ಭಾನುವಾರ ಫೋನ್ ಮಾಡ್ತಾನೆ. "ಸಹಿ ಹಾಕಿದ್ಯಾ ಅಪ್ಪ?" ಅಂತಾನೆ. ಈ ಸಲ ನಾನು ತಿರುಗಿ ಕೇಳಿದೆ, "ಕ್ವಿಂಟಾಲಿಗೆ ಹತ್ತು ಸಾವಿರ ಸಿಗೋದಾದರೆ ನೀನು ವಾಪಸ್ ಬರ್ತೀಯೇನೋ?" ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಿಗುತ್ತಾ?" ಅಂದ.

ನೋಟ್‌ಬುಕ್ ಇಲ್ಲೇ ಮೇಜಿನ ಮೇಲೆ ಇಟ್ಟಿರ್ತೀನಿ. ಊಟ ಆದ ಮೇಲೆ ನಿಮ್ಮ ನಿಮ್ಮ ಊರಿನ ಒಂದು ಎಕರೆ ಲೆಕ್ಕ ಇದರಲ್ಲಿ ಬರೆದು ಹೋಗಿ. ಪೆನ್ನು ದಾರದಲ್ಲಿ ಕಟ್ಟಿದೆ.